ಬೀದರಿನ ಚಾಕೊಲೇಟ್, ಕರಾಚಿಯ ವಿಡಿಯೊ

ಬೀದಿಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿವೆ. ಬೈಕಿನಲ್ಲಿ ಇಬ್ಬರು ಬರುತ್ತಾರೆ. ಒಂದು ಮಗುವನ್ನು ಎತ್ತಿಕೊಂಡು ಹೊರಟೇ ಹೋಗುತ್ತಾರೆ. 2018ರ ಬೇಸಿಗೆಯಲ್ಲಿ ಈ ವಿಡಿಯೊ ಎಷ್ಟು ಜನರ ಫೋನಿಗೆ ಬಂತೋ ಲೆಕ್ಕವಿಲ್ಲ. 'ನಮ್ಮ ಕಡೆ ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರು' ಅನ್ನುವ ಒಂದು ಸಾಲು ಅದರ ಜೊತೆಗೇ ಬರುತ್ತಿತ್ತು.

ಪೂರ್ತಿ ವಿಡಿಯೊದಲ್ಲಿ ಇನ್ನೂ ಸ್ವಲ್ಪ ಇತ್ತು. ಅದೇ ಬೈಕ್ ವಾಪಸ್ ಬರುತ್ತದೆ. ಮಗುವನ್ನು ಇಳಿಸುತ್ತದೆ. ಹಿಂದೆ ಕೂತವನು ಒಂದು ಫಲಕ ಹಿಡಿದು ತೋರಿಸುತ್ತಾನೆ. ಕರಾಚಿಯ ಬೀದಿಯಿಂದ ಮಗುವನ್ನು ಕದಿಯಲು ಒಂದು ಗಳಿಗೆ ಸಾಕು ಅಂತ ಅದರಲ್ಲಿ ಬರೆದಿದೆ. ಅದು ಪಾಕಿಸ್ತಾನದಲ್ಲಿ ಕಾಣೆಯಾದ ಮಕ್ಕಳಿಗಾಗಿ ದುಡಿಯುವ ಒಂದು ಸಂಸ್ಥೆಗೆ ಮಾಡಿಕೊಟ್ಟ ಜಾಗೃತಿ ಜಾಹೀರಾತು. ಯಾರೋ ಕೊನೆಯ ಕೆಲವು ಸೆಕೆಂಡು ಕತ್ತರಿಸಿ ಹಾಕಿದರು, ಅಷ್ಟೇ. ಸುಳ್ಳು ಹೇಳಲು ವಿಡಿಯೊಗೆ ಒಂದು ದೃಶ್ಯವನ್ನೂ ಹೊಸದಾಗಿ ಸೇರಿಸಬೇಕಾಗಲಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದಿನಿಂದ ಗೆಳೆಯನ ಊರಿಗೆ ಕಾರಿನಲ್ಲಿ ಬಂದವರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಹಂಚಿದರು. ಅವರಲ್ಲಿ ಒಬ್ಬ ಕತಾರಿನವನು, ಚಾಕೊಲೇಟೂ ಅಲ್ಲಿಂದಲೇ ಬಂದದ್ದು. ಅಲ್ಲಿದ್ದವರಿಗೆ ಅನುಮಾನ ಬಂತು. ಜಗಳವಾಯಿತು. ಕಾರು ಅಲ್ಲಿಂದ ಹೊರಟಿತು. ಆದರೆ ಕಾರಿಗಿಂತ ಮೊದಲು ವಾಟ್ಸ್ಆ್ಯಪ್ ಸಂದೇಶ ಮುಂದಿನ ಊರು ಮುಟ್ಟಿತ್ತು. ಮುರ್ಕಿಯಲ್ಲಿ ರಸ್ತೆಗೆ ಅಡ್ಡ ಹಾಕಿ ಕಾಯುತ್ತಿದ್ದರು. ಕಾರು ಪಲ್ಟಿಯಾಯಿತು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಕಾರಿನಲ್ಲಿದ್ದ 32 ವರ್ಷದ ಎಂಜಿನಿಯರ್ ಒಬ್ಬರು ಜೀವ ಕಳೆದುಕೊಂಡರು. ಆಮೇಲೆ ಬಂಧನವಾದವರಲ್ಲಿ ಗ್ರೂಪ್ ಅಡ್ಮಿನ್ ಕೂಡ ಇದ್ದ.

ಇದನ್ನು ಬರೀ 'ವದಂತಿ' ಅಂತ ಕರೆಯುವುದು ರೂಢಿ. ದ್ವೇಷದ ಮಾತು ಅಂದರೆ ಬೈಗುಳ, ವೇದಿಕೆ ಮೇಲಿನ ಕೂಗಾಟ ಅಂದುಕೊಳ್ಳುತ್ತೇವೆ. ನನಗೆ ಎರಡೂ ಒಂದೇ ಬಳ್ಳಿಯ ಕಾಯಿ ಅನಿಸುತ್ತದೆ. 'ಹೊರಗಿನವರು ನಮ್ಮ ಮಕ್ಕಳನ್ನು ಕದಿಯುತ್ತಾರೆ' ಅನ್ನುವುದರಲ್ಲಿ ಒಂದೂ ಕೆಟ್ಟ ಪದವಿಲ್ಲ. ಆದರೆ 'ನಾವು' ಯಾರು, 'ಅವರು' ಯಾರು ಅಂತ ಗೆರೆ ಎಳೆದಾಯಿತು. ಅವರಿಂದ ನಮಗೆ ಅಪಾಯ ಅಂತಲೂ ಹೇಳಿಯಾಯಿತು. ಹೊಡೆಯುವವನಿಗೆ ತಾನು ಹೊಡೆಯುತ್ತಿದ್ದೇನೆ ಅನಿಸುವುದಿಲ್ಲ, ಮಕ್ಕಳನ್ನು ಕಾಪಾಡುತ್ತಿದ್ದೇನೆ ಅನಿಸುತ್ತದೆ. ಅಮೆರಿಕದ ಸಂಶೋಧಕಿ ಸೂಸಾನ್ ಬೆನೆಶ್ ಇಂಥ ಮಾತಿಗೆ 'ಅಪಾಯಕಾರಿ ಮಾತು' ಅಂತ ಬೇರೆ ಹೆಸರನ್ನೇ ಇಟ್ಟಿದ್ದಾರೆ. ಮಾತಿನ ಪದಗಳನ್ನಷ್ಟೇ ನೋಡಿದರೆ ಸಾಲದು, ಯಾರು ಹೇಳಿದರು, ಯಾರಿಗೆ ಹೇಳಿದರು, ಯಾವ ಹೊತ್ತಿನಲ್ಲಿ, ಯಾವ ದಾರಿಯಲ್ಲಿ ಬಂತು ಅನ್ನುವುದನ್ನೂ ನೋಡಬೇಕು ಅನ್ನುವುದು ಅವರ ವಾದ. ನಮ್ಮಲ್ಲಿ ಅದು ಬರುವ ದಾರಿ ಯಾವುದು? ಮನೆತನದ ಗ್ರೂಪು, ಅಪಾರ್ಟ್‌ಮೆಂಟ್ ಗ್ರೂಪು, ಹಳೇ ವಿದ್ಯಾರ್ಥಿಗಳ ಗ್ರೂಪು. ಕಳಿಸುವವರು ಚಿಕ್ಕಪ್ಪ, ಅತ್ತೆ, ಪಕ್ಕದ ಮನೆ ಮೇಷ್ಟ್ರು. ಗೊತ್ತಿಲ್ಲದವನು ಹೇಳಿದರೆ ನಂಬುತ್ತಿದ್ದೆವಾ? ಇಲ್ಲಿ ನಂಬುವುದು ಸುದ್ದಿಯನ್ನಲ್ಲ, ಕಳಿಸಿದ ಮನುಷ್ಯನನ್ನು.

ಬೆಂಗಳೂರಿಗೆ ಈ ಪಾಠ 2018ಕ್ಕಿಂತ ಮೊದಲೇ ಆಗಿತ್ತು. 2012ರ ಆಗಸ್ಟ್ ನೆನಪಿದೆಯಾ? ಅಸ್ಸಾಮಿನ ಕೊಕ್ರಾಝಾರಿನಲ್ಲಿ ಗಲಭೆ ನಡೆದಿತ್ತು. ಅದಕ್ಕೆ ಸೇಡು ತೀರಿಸಲು ಈಶಾನ್ಯದವರನ್ನು ಇಲ್ಲಿ ಹೊಡೆಯುತ್ತಾರಂತೆ ಅಂತ ಎಸ್ಎಂಎಸ್ ಹರಿದಾಡಿತು. ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಸಾವಿರಾರು ಜನ ಬ್ಯಾಗು ಹೆಗಲಿಗೇರಿಸಿಕೊಂಡು ಸಿಟಿ ರೈಲ್ವೆ ಸ್ಟೇಷನ್ನಿಗೆ ಬಂದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಹೋಟೆಲು, ಸೆಕ್ಯೂರಿಟಿ, ಬ್ಯೂಟಿ ಪಾರ್ಲರ್‌ಗಳಲ್ಲಿ ದುಡಿಯುತ್ತಿದ್ದ ಹುಡುಗ ಹುಡುಗಿಯರು ಅವರು. ಕೇಂದ್ರ ಸರ್ಕಾರ ಐದಕ್ಕಿಂತ ಹೆಚ್ಚು ಎಸ್ಎಂಎಸ್ ಒಟ್ಟಿಗೆ ಕಳಿಸುವಂತಿಲ್ಲ ಅಂತ ಕೆಲವು ದಿನ ಮಿತಿ ಹಾಕಿತು.

ಆಗ ಅಂತರ್ಜಾಲದಲ್ಲಿ ಓಡಾಡಿದ ಒಂದು ಫೋಟೊ ಇದೆ. ಸಾಲು ಸಾಲು ಹೆಣಗಳ ಪಕ್ಕ ಬೌದ್ಧ ಭಿಕ್ಷುಗಳು ನಿಂತಿದ್ದಾರೆ. 'ಮ್ಯಾನ್ಮಾರಿನಲ್ಲಿ ಮುಸ್ಲಿಮರನ್ನು ಕೊಂದು ರಾಶಿ ಹಾಕಿದ್ದಾರೆ' ಅಂತ ಅದಕ್ಕೆ ಅಡಿಬರಹ. ಫೋಟೊ ಅಸಲಿ. ಆದರೆ ಅದು 2010ರಲ್ಲಿ ಚೀನಾದ ಯುಶು ಭೂಕಂಪದ್ದು. ಭಿಕ್ಷುಗಳು ಸತ್ತವರಿಗೆ ಅಂತಿಮ ಸಂಸ್ಕಾರ ಮಾಡಲು ಬಂದವರು. 2020ರ ಏಪ್ರಿಲ್‌ನಲ್ಲಿ ಕೊರೊನಾ ಕಾಲದ ಇನ್ನೊಂದು ವಿಡಿಯೊ: ಪೊಲೀಸ್ ವ್ಯಾನಿನಲ್ಲಿ ಒಬ್ಬ ಉಗುಳುತ್ತಾನೆ. ರೋಗ ಹರಡಲು ಬೇಕಂತಲೇ ಉಗುಳಿದ ಅಂತ ಇಡೀ ಸಮುದಾಯದ ತಲೆಗೆ ಕಟ್ಟಿದರು. ಅದು ಅದಕ್ಕೂ ಮೊದಲೇ ಮುಂಬೈಯಲ್ಲಿ ವಿಚಾರಣಾ ಕೈದಿಯೊಬ್ಬ ಪೊಲೀಸರ ಜೊತೆ ಜಗಳವಾಡಿದ್ದು. ಕರಾಚಿಯ ವಿಡಿಯೊ ಸೇರಿ ಈ ಮೂರೂ ಕಡೆ ಆಟ ಒಂದೇ. ಚಿತ್ರ ನಿಜ, ಅಡಿಬರಹ ಸುಳ್ಳು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಅಂದರು ನಮ್ಮ ಹಿರಿಯರು. ಅವರ ಕಾಲದಲ್ಲಿ ಪ್ರತ್ಯಕ್ಷ ಅಂದರೆ ಕಣ್ಣಾರೆ ಕಂಡದ್ದು. ನಾವು ಆರು ಇಂಚಿನ ಪರದೆಯಲ್ಲಿ ಕಂಡದ್ದನ್ನೂ ಅದೇ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೇವೆ.

ಹಾಗಾದರೆ ತಂತ್ರಜ್ಞಾನ ಏನು ಮಾಡಿತು? 2018ರ ಸಾವುಗಳ ನಂತರ ವಾಟ್ಸ್ಆ್ಯಪ್ ಮೇಲೆ ಒತ್ತಡ ಬಿತ್ತು. ಮೊದಲು 'ಫಾರ್ವರ್ಡ್ ಆದದ್ದು' ಅನ್ನುವ ಗುರುತು ಬಂತು. ಅದೇ ಜುಲೈನಲ್ಲಿ ಭಾರತದಲ್ಲಿ ಒಮ್ಮೆಗೆ ಐದೇ ಚಾಟ್‌ಗೆ ಫಾರ್ವರ್ಡ್ ಅನ್ನುವ ಮಿತಿ ಬಂತು. ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟರು. 2020ರ ಏಪ್ರಿಲ್‌ನಲ್ಲಿ, ಈಗಾಗಲೇ ಹಲವು ಬಾರಿ ಫಾರ್ವರ್ಡ್ ಆಗಿರುವುದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು ಅಂತ ಬಿಗಿ ಮಾಡಿದರು. ಇದರಿಂದ ಅಂಥ ಸಂದೇಶಗಳ ಓಡಾಟ ಶೇ 70ರಷ್ಟು ಇಳಿಯಿತು ಅಂತ ಕಂಪನಿಯೇ ಹೇಳಿಕೊಂಡಿತು. ಇದು ಸಣ್ಣ ಮಾತಲ್ಲ. ಯಾರ ಸಂದೇಶವನ್ನೂ ಓದದೆ, ಯಾರ ಬಾಯನ್ನೂ ಮುಚ್ಚದೆ, ಬರೀ ವೇಗಕ್ಕೆ ರಸ್ತೆ ಉಬ್ಬು ಹಾಕಿದ ಹಾಗೆ. ನನಗೆ ಈವರೆಗಿನ ತಾಂತ್ರಿಕ ಉಪಾಯಗಳಲ್ಲಿ ಇಷ್ಟವಾದದ್ದು ಇದೇ.

ಆದರೆ ಲೆಕ್ಕ ಹಾಕಿ ನೋಡಿ. 2018ರಲ್ಲಿ ಒಂದು ಗ್ರೂಪಿನಲ್ಲಿ 256 ಜನ ಇರಬಹುದಿತ್ತು. ಐದು ಗ್ರೂಪು ಅಂದರೆ 1,280 ಜನ. ಮುರ್ಕಿಯಂಥ ಊರಿಗೆ ಅಷ್ಟು ಸಾಕು. 2022ರಲ್ಲಿ ಗ್ರೂಪಿನ ಮಿತಿಯನ್ನು 1,024ಕ್ಕೆ ಏರಿಸಿದರು. ಬಾಗಿಲು ಚಿಕ್ಕದು ಮಾಡಿ ಮನೆ ದೊಡ್ಡದು ಮಾಡಿದ ಹಾಗಾಯಿತು, ಅಲ್ವಾ? ಇನ್ನು ಆ ಕಡೆಯಿಂದ ಈ ಕಡೆಗೆ ಸಂದೇಶ ಹೋಗುವಾಗ ಮಧ್ಯೆ ಕಂಪನಿಯೂ ಓದಲಾರದಂತೆ ಅದಕ್ಕೆ ಬೀಗ ಹಾಕಿರುತ್ತಾರೆ. ಆ ಬೀಗ ತೆಗೆಯಿರಿ, ಮೊದಲು ಕಳಿಸಿದವನನ್ನು ತೋರಿಸಿ ಅಂತ ಸರ್ಕಾರ ಕೇಳುತ್ತಲೇ ಇದೆ. ಬೀಗ ಒಮ್ಮೆ ತೆಗೆದರೆ ದ್ವೇಷ ಹರಡುವವನ ಮನೆಯದಷ್ಟೇ ಅಲ್ಲ, ಎಲ್ಲರ ಮನೆಯದೂ ತೆಗೆದ ಹಾಗೆ. ಆ ಬೆಲೆ ಜಾಸ್ತಿ ಆಯಿತು ಅನ್ನುವವರ ಪೈಕಿ ನಾನೂ ಒಬ್ಬ.

ಫೇಸ್‌ಬುಕ್, ಯೂಟ್ಯೂಬ್ ಕಥೆ ಬೇರೆ. ಅಲ್ಲಿ ಬರೆದದ್ದು ಬಯಲಲ್ಲೇ ಇರುತ್ತದೆ. ಯಂತ್ರ, ಅಂದರೆ ಕಂಪನಿಯ ಕಂಪ್ಯೂಟರ್, ಓದಿ ಹುಡುಕಿ ತೆಗೆಯಬಹುದು. ಕಂಪನಿಗಳು ಹೇಳುವುದೂ ಅದನ್ನೇ. ಆದರೆ ಯಂತ್ರಕ್ಕೆ ಯಾವ ಭಾಷೆ ಬರುತ್ತದೆ ಅನ್ನುವುದು ಪ್ರಶ್ನೆ.

ಮ್ಯಾನ್ಮಾರ್ ಉದಾಹರಣೆ ನೋಡಿ. 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ದೇಶ ಬಿಟ್ಟು ಓಡಿದರು. ಅದಕ್ಕೆ ಮೊದಲು ಅವರ ವಿರುದ್ಧ ವರ್ಷಗಟ್ಟಲೆ ಫೇಸ್‌ಬುಕ್ಕಿನಲ್ಲಿ ವಿಷ ಕಾರಿದ್ದರು. 2018ರಲ್ಲಿ ರಾಯ್ಟರ್ಸ್ ಸುದ್ದಿಸಂಸ್ಥೆ ಒಂದು ಪೋಸ್ಟನ್ನು ತೋರಿಸಿತು. ಕಣ್ಣಿಗೆ ಬಿದ್ದ 'ಕಲಾರ್'ಗಳನ್ನೆಲ್ಲ ಕೊಲ್ಲಿ ಅಂತ ಬರ್ಮೀಸ್ ಭಾಷೆಯಲ್ಲಿತ್ತು. 'ಕಲಾರ್' ಅನ್ನುವುದು ಅಲ್ಲಿ ಮುಸ್ಲಿಮರಿಗೆ, ಭಾರತ ಮೂಲದವರಿಗೆ ಬಳಸುವ ತುಚ್ಛ ಪದ. ಫೇಸ್‌ಬುಕ್ಕಿನ ಯಂತ್ರ ಅದನ್ನು ಇಂಗ್ಲಿಷಿಗೆ ಹೇಗೆ ತಿರುಗಿಸಿತು ಗೊತ್ತಾ? 'ಮ್ಯಾನ್ಮಾರಿನಲ್ಲಿ ನನಗೆ ಕಾಮನಬಿಲ್ಲು ಇರಬಾರದು' ಅಂತ. ಕೊಲೆಯ ಕರೆ ಕಾಮನಬಿಲ್ಲಾಯಿತು. ಆ ವರ್ಷದ ಕೊನೆಗೆ, ನಾವು ಸಾಕಷ್ಟು ಮಾಡಲಿಲ್ಲ ಅಂತ ಕಂಪನಿ ಒಪ್ಪಿಕೊಂಡಿತು.

ನಮ್ಮ ಕಥೆ ಅಷ್ಟು ಕೆಟ್ಟದಾಗಿಲ್ಲ. ಹಾಗಂತ ಚೆನ್ನಾಗಿಯೂ ಇಲ್ಲ. 2021ರಲ್ಲಿ ಫೇಸ್‌ಬುಕ್ಕಿನಲ್ಲಿ ಕೆಲಸ ಮಾಡಿದ್ದ ಫ್ರಾನ್ಸಿಸ್ ಹಾಗನ್ ಹೊರಹಾಕಿದ ಕಂಪನಿಯ ಒಳಗಿನ ಕಾಗದಪತ್ರಗಳಲ್ಲಿ ಎರಡು ಸಂಗತಿ ಇವೆ. ಸುಳ್ಳು ಸುದ್ದಿ ಗುರುತಿಸಲು ಮೀಸಲಿಟ್ಟ ಸಮಯದಲ್ಲಿ ಶೇ 87 ಅಮೆರಿಕಕ್ಕೆ. ಉಳಿದ ಜಗತ್ತಿಗೆಲ್ಲ ಸೇರಿ ಶೇ 13. ಹಿಂದಿ ಮತ್ತು ಬಂಗಾಳಿಯ ದ್ವೇಷದ ಮಾತನ್ನು ಹಿಡಿಯುವ ವ್ಯವಸ್ಥೆ ಇಲ್ಲದೆ ಬಹಳಷ್ಟು ಪೋಸ್ಟ್‌ಗಳು ಕಣ್ಣಿಗೇ ಬೀಳಲಿಲ್ಲ ಅನ್ನುವುದು ಇನ್ನೊಂದು. ಆಗ ಭಾರತದ ಸಂವಿಧಾನ ಗುರುತಿಸಿದ 22 ಭಾಷೆಗಳಲ್ಲಿ ಐದಕ್ಕೆ ಮಾತ್ರ ಯಂತ್ರ ತರಬೇತಿ ಆಗಿತ್ತು. ಹಿಂದಿಗೇ ಆ ಗತಿಯಾದರೆ ನಮ್ಮದು ಕೇಳಬೇಕಾ?

ಯಂತ್ರಕ್ಕೆ ಕನ್ನಡ ಯಾಕೆ ಕಷ್ಟ? ಒಂದು ಪದ ತೆಗೆದುಕೊಳ್ಳಿ: 'ಓಡಿಸಬೇಕು'. 'ಗಾಡಿ ನಿಧಾನ ಓಡಿಸಬೇಕು' ಅಂದರೆ ಅಪ್ಪನ ಬುದ್ಧಿಮಾತು. 'ಅವರನ್ನ ಊರಿಂದ ಓಡಿಸಬೇಕು' ಅಂದರೆ ದ್ವೇಷ. ಇದನ್ನೇ 'ಓಡಿಸ್ಬೇಕು', 'ಓಡುಸ್ಬೇಕು', 'ಓಡಿಸ್ರೋ' ಅಂತ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಟೈಪ್ ಮಾಡುವವರದ್ದಂತೂ ಇನ್ನೂ ಹತ್ತು ಬಗೆಯ ಕಾಗುಣಿತ. 'ಮಗನೇ' ಅನ್ನುವುದು ಗೆಳೆಯರ ನಡುವೆ ಪ್ರೀತಿ, ಕಾಮೆಂಟಿನಲ್ಲಿ ಬೈಗುಳ. ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುವುದು 'ಬುದ್ಧಿ ಕಲಿಸಬೇಕು'. ಶಾಲೆಯ ಮಾತು ಅದು. 'ಆ ಕೇರಿಯವರಿಗೆ ಒಂದ್ಸಲ ಬುದ್ಧಿ ಕಲಿಸಬೇಕು' ಅಂದಾಗ ಅದರಲ್ಲಿ ದೊಣ್ಣೆ ಇದೆ ಅಂತ ಕನ್ನಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಯಂತ್ರ ಸಲೀಸಾಗಿ ಪಾಸು ಮಾಡುತ್ತದೆ. ಅದೇ ಹೊತ್ತಿಗೆ, 'ನನಗೆ ಜಾತಿ ಹಿಡಿದು ಹೀಗೆ ಬೈದರು' ಅಂತ ಆ ಬೈಗುಳವನ್ನೇ ಎತ್ತಿ ಬರೆದು ಗೋಳು ಹೇಳಿಕೊಂಡವರ ಪೋಸ್ಟು ಕೆಟ್ಟ ಪದ ಇದೆ ಅಂತ ಮಾಯವಾಗಬಹುದು.

ಇದನ್ನು ಸರಿಮಾಡಲು ಕೆಲಸ ನಡೆದಿದೆ. 2020ರಲ್ಲಿ ಸಂಶೋಧಕರು ಯೂಟ್ಯೂಬಿನಿಂದ ಕನ್ನಡ-ಇಂಗ್ಲಿಷ್ ಬೆರಕೆಯ 7,600ಕ್ಕೂ ಹೆಚ್ಚು ಕಾಮೆಂಟು ಆರಿಸಿ, ಯಾವುದು ನಿಂದೆ, ಯಾವುದು ಅಲ್ಲ ಅಂತ ಗುರುತು ಹಾಕಿ ಎಲ್ಲರಿಗೂ ಬಿಟ್ಟುಕೊಟ್ಟರು. ಒಳ್ಳೆಯ ಶುರು. ಆದರೆ ಧಾರವಾಡದ ವ್ಯಂಗ್ಯ, ಮಂಗಳೂರಿನ ಮಾತು, ಹಳೇ ಮೈಸೂರಿನ ಚುಚ್ಚುಮಾತು ಎಲ್ಲ ಹಿಡಿಯಲು ಅಷ್ಟು ಸಾಕಾಗುವುದಿಲ್ಲ. ಇದಕ್ಕೆ ಇಲ್ಲಿನ ಜನರನ್ನೇ ಕೂರಿಸಿ, ಸಂಬಳ ಕೊಟ್ಟು, ಓದಿಸಬೇಕು. ಕನ್ನಡದಲ್ಲಿ ಜಾಹೀರಾತು ಮಾರಲು ಜನ ಸಿಗುತ್ತಾರೆ ಅಂದಮೇಲೆ ಇದಕ್ಕೂ ಸಿಗಬೇಕಲ್ಲ.

ಯಂತ್ರದ ಮಿತಿ ಇಷ್ಟು. ಇನ್ನು ಓದುವವರನ್ನು ತಯಾರು ಮಾಡುವ ದಾರಿ. ಇಲ್ಲಿ ಒಂದು ಕಹಿ ಸತ್ಯ ಇದೆ. ನಾವು 'ಜಾಗೃತಿ ಕಾರ್ಯಕ್ರಮ' ಅಂತ ಮಾಡುವುದು ಬಹಳಷ್ಟು ಸುಮ್ನೆ. ಒಂದು ಹಾಲ್, ಒಂದು ಪಿಪಿಟಿ, ಅತಿಥಿಗಳಿಗೆ ಶಾಲು, ಆಮೇಲೆ ಉಪ್ಪಿಟ್ಟು. ಬಿಹಾರದಲ್ಲಿ 2019ರ ಲೋಕಸಭಾ ಚುನಾವಣೆ ಹೊತ್ತಿಗೆ ಸುಮಿತ್ರಾ ಬದರಿನಾಥನ್ ಅನ್ನುವ ಸಂಶೋಧಕಿ ಸಾವಿರಕ್ಕೂ ಹೆಚ್ಚು ಜನರ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗಂಟೆ ಎದುರು ಕೂತು ಸುಳ್ಳು ಸುದ್ದಿ ಹೇಗೆ ಹಿಡಿಯುವುದು ಅಂತ ಹೇಳಿಕೊಟ್ಟರು. ಒಟ್ಟಾರೆ ಫಲ ಸಿಗಲಿಲ್ಲ. ಫೇಸ್‌ಬುಕ್ ಕೊಟ್ಟ ಕಿವಿಮಾತುಗಳನ್ನು ಭಾರತದಲ್ಲಿ ಪರೀಕ್ಷಿಸಿದ ಇನ್ನೊಂದು ಅಧ್ಯಯನ 2020ರಲ್ಲಿ ಬಂತು. ಚೆನ್ನಾಗಿ ಓದಿದ, ನೆಟ್ ಬಳಸುವವರಲ್ಲಿ ಸುಧಾರಣೆ ಕಂಡಿತು. ಹಳ್ಳಿಯವರಲ್ಲಿ ಕಾಣಲಿಲ್ಲ.

ಬದರಿನಾಥನ್ ಅಲ್ಲಿಗೇ ಬಿಡಲಿಲ್ಲ. ಸಂಗಡಿಗರ ಜೊತೆ ಮತ್ತೆ ಬಿಹಾರಕ್ಕೆ ಹೋದರು. ಈ ಸಲ 583 ಹಳ್ಳಿಗಳ 13,500ಕ್ಕೂ ಹೆಚ್ಚು ಹೈಸ್ಕೂಲು, ಪಿಯುಸಿ ವಯಸ್ಸಿನ ಮಕ್ಕಳು. ಸರ್ಕಾರಿ ಗ್ರಂಥಾಲಯಗಳಲ್ಲಿ ವಾರಗಟ್ಟಲೆ ಅಂತರ ಕೊಟ್ಟು ಹಲವು ತರಗತಿ. ಪಾಠ ಮುಖ್ಯವಾಗಿ ಆರೋಗ್ಯದ ಸುಳ್ಳು ಸುದ್ದಿಯದು. ರಾಜಕೀಯ ಎತ್ತಿದರೆ ಮಕ್ಕಳು ಪಕ್ಷ ಕಟ್ಟಿಕೊಂಡು ಕೂರುತ್ತವೆ ನೋಡಿ. ಈ ಸಲ ಫಲ ಸಿಕ್ಕಿತು. ನಾಲ್ಕು ತಿಂಗಳ ನಂತರ ಕೇಳಿದಾಗಲೂ ಉಳಿದಿತ್ತು. ಪಾಠ ಕೇಳದ ಅಪ್ಪ ಅಮ್ಮಂದಿರಿಗೂ ಅದು ದಾಟಿತ್ತು. ಅಂದರೆ ಒಂದು ದಿನದ ಶಿಬಿರ ಅಲ್ಲ, ಗಣಿತದ ಹಾಗೆ ಕೂತು ಕಲಿಯುವ ಪಾಠ. ಮಕ್ಕಳಿಂದ ಮನೆಗೆ ಹೋಗುವ ಪಾಠ.

ಪಕ್ಕದ ಕೇರಳ ಇದನ್ನು ಬೇಗ ಹಿಡಿದುಕೊಂಡಿತು. 2018ರಲ್ಲಿ ಕಣ್ಣೂರು ಜಿಲ್ಲಾಡಳಿತ ಲಸಿಕೆ ಮತ್ತು ನಿಪಾ ವದಂತಿಗಳಿಂದ ಬೇಸತ್ತು, ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ತರಗತಿ ಶುರು ಮಾಡಿತು. 2024ರಲ್ಲಿ ಕೇರಳದ ಐದು ಮತ್ತು ಏಳನೇ ತರಗತಿಯ ಕಂಪ್ಯೂಟರ್ ಪಠ್ಯದಲ್ಲೇ ಇದು ಸೇರಿತು. ನಮ್ಮ ಪಠ್ಯಪುಸ್ತಕದ ಬಗ್ಗೆ ನಾವು ಎಷ್ಟೊಂದು ಜಗಳವಾಡುತ್ತೇವೆ. ಈ ಪಾಠ ಯಾಕಿಲ್ಲ ಅಂತ ಜಗಳವಾಡಿದ್ದನ್ನು ನಾನಂತೂ ಕೇಳಿಲ್ಲ.

ಏನು ಕಲಿಸಬೇಕು ಅನ್ನುವುದಕ್ಕೂ ಒಂದು ಒಳ್ಳೆಯ ಸುಳಿವಿದೆ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 10 ಇತಿಹಾಸ ಪ್ರಾಧ್ಯಾಪಕರು, 10 ಫ್ಯಾಕ್ಟ್‌ಚೆಕ್ ಮಾಡುವವರು (ಅಂದರೆ ಸುದ್ದಿ ನಿಜವಾ ಅಂತ ಪರೀಕ್ಷಿಸುವುದೇ ಕೆಲಸವಾಗಿರುವವರು) ಮತ್ತು 25 ವಿದ್ಯಾರ್ಥಿಗಳನ್ನು ಕೂರಿಸಿ ಒಂದೇ ವೆಬ್ ಪುಟಗಳನ್ನು ತೋರಿಸಿದರು. ಪ್ರಾಧ್ಯಾಪಕರು ಪುಟವನ್ನು ಮೇಲಿಂದ ಕೆಳಗೆ ಗಮನವಿಟ್ಟು ಓದಿದರು, ಬಹಳ ಸಲ ಮೋಸ ಹೋದರು. ಫ್ಯಾಕ್ಟ್‌ಚೆಕ್‌ನವರು ಪುಟವನ್ನು ಅರ್ಧಕ್ಕೇ ಬಿಟ್ಟು ಪಕ್ಕಕ್ಕೆ ಹೋದರು. ಇದನ್ನು ನಡೆಸುವವರು ಯಾರು, ಬೇರೆಯವರು ಇದರ ಬಗ್ಗೆ ಏನಂತಾರೆ ಅಂತ ಇನ್ನೊಂದು ಟ್ಯಾಬಿನಲ್ಲಿ ಹುಡುಕಿದರು. ಬೇಗ ಸತ್ಯ ಮುಟ್ಟಿದರು. ಹೆಣ್ಣು ಗಂಡು ನೋಡುವಾಗ ನಾವು ಮಾಡುವುದೂ ಇದನ್ನೇ ಅಲ್ವಾ? ಹುಡುಗನ ಮನೆಯಲ್ಲಿ ಕೂತು ಕಾಫಿ ಕುಡಿದು ಏನೂ ಗೊತ್ತಾಗಲ್ಲ. ಪಕ್ಕದ ಬೀದಿಯಲ್ಲಿ ವಿಚಾರಿಸುತ್ತೇವೆ. ಫೋಟೊಗೂ ಅಷ್ಟೇ. ಗೂಗಲ್ ಲೆನ್ಸ್‌ಗೆ ಹಾಕಿದರೆ ಅದು ಮೊದಲು ಎಲ್ಲೆಲ್ಲಿ ಬಂದಿತ್ತು ಅಂತ ಬಹಳ ಸಲ ಸಿಗುತ್ತದೆ. ವಿಡಿಯೊ ಆದರೆ ಮುಖ್ಯ ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು ಹುಡುಕಬೇಕು. ಎಐ ಹುಟ್ಟಿಸಿದ ಮುಖ, ದನಿಗಳಿಗೆ ಈ ಉಪಾಯ ಸಾಲದು. ಆದರೂ ಹಳೇ ಫೋಟೊಗೆ ಹೊಸ ಅಡಿಬರಹ ಅಂಟಿಸುವ ಆಟ ಈಗಲೂ ನಿಂತಿಲ್ಲ. ಅದಕ್ಕೆ ಖರ್ಚೇ ಇಲ್ಲ ನೋಡಿ.

ಇಲ್ಲಿಗೆ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದ ಹಾಗೆ. ಯಾಕೆಂದರೆ ದ್ವೇಷಕ್ಕೆ ಸುಳ್ಳೇ ಬೇಕು ಅಂತಿಲ್ಲ. ಹತ್ತು ಕಳ್ಳತನ ಆದವು ಅಂದುಕೊಳ್ಳಿ. ಒಂಬತ್ತಕ್ಕೆ 'ಆರೋಪಿ ಬಂಧನ' ಅಂತ ತಲೆಬರಹ. ಹತ್ತನೆಯದಕ್ಕೆ ಮಾತ್ರ ಆರೋಪಿಯ ಹೆಸರು, ಅದರ ಮೇಲೊಂದು ಕೆಂಪು ವೃತ್ತ. ಫ್ಯಾಕ್ಟ್‌ಚೆಕ್ ಮಾಡಿದರೆ ಹತ್ತೂ ನಿಜ. ಗ್ರೂಪಿಗೆ ಬರುವುದು ಹತ್ತನೆಯದು ಮಾತ್ರ. ಮತ್ತೆ ಮತ್ತೆ ಅದೇ ಬಗೆಯದು. ಇದಕ್ಕೆ ಲೆನ್ಸ್ ಉಪಯೋಗವಿಲ್ಲ. ಉಳಿದ ಒಂಬತ್ತು ಎಲ್ಲಿ ಹೋದವು ಅಂತ ಕೇಳುವ ಅಭ್ಯಾಸ ಬೇಕು. ಮಾಧ್ಯಮ ಸಾಕ್ಷರತೆ ಅನ್ನುವ ಭಾರವಾದ ಪದದ ತಿರುಳು ನನ್ನ ಮಟ್ಟಿಗೆ ಇಷ್ಟೇ: ಎದುರಿಗೆ ಬಂದದ್ದು ನಿಜವಾ ಅಂತ ಕೇಳುವುದರ ಜೊತೆಗೆ, ಇದು ನನ್ನ ತನಕ ಯಾಕೆ ಬಂತು ಅಂತಲೂ ಕೇಳುವುದು. ಸುಳ್ಳು ಅಂತ ಗೊತ್ತಿದ್ದೂ ಕಳಿಸುವವರು ಇದ್ದಾರೆ. ಅವರಿಗೆ ಪಾಠ ಹೇಳಿ ಪ್ರಯೋಜನವಿಲ್ಲ. ಪಾಠ ಇರುವುದು ಅವರ ಗಿರಾಕಿಗಳಿಗೆ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಗುಂಪುಗಳ ನಡುವೆ ವೈರ ಹುಟ್ಟಿಸುವುದು ಮೊದಲಿನಿಂದಲೂ ಅಪರಾಧ. ಐಪಿಸಿಯ ಸೆಕ್ಷನ್ 153ಎ ಇದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 196. ಅದು ಸಾಲದು ಅಂತ 2025ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ರಾಜ್ಯ ಸರ್ಕಾರ ದ್ವೇಷ ಭಾಷಣ ತಡೆ ಮಸೂದೆಗೆ ಒಪ್ಪಿಗೆ ಪಡೆಯಿತು. ಒಂದರಿಂದ ಏಳು ವರ್ಷ ಜೈಲು. ಗದ್ದಲದ ನಡುವೆ ಚರ್ಚೆಯಾದದ್ದು ಕಡಿಮೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಐಟಿ ಕಾಯ್ದೆಯ 66ಎ ಕಥೆ ನೆನಪಿಟ್ಟುಕೊಳ್ಳಬೇಕು. ಸಡಿಲವಾದ ಪದಗಳಿದ್ದ ಆ ಸೆಕ್ಷನ್ನಿನಲ್ಲಿ ಫೇಸ್‌ಬುಕ್ ಪೋಸ್ಟಿಗೆಲ್ಲ ಜನರನ್ನು ಹಿಡಿದರು. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಿತ್ತುಹಾಕಿತು. ಇನ್ನೊಂದು ವಿಷಯ: ಮುರ್ಕಿಯಲ್ಲಿ ಕಾನೂನು ಬಂದದ್ದು ಸಾವಿನ ನಂತರ. ಸಂದೇಶ ಬಂದದ್ದು ಕಾರಿಗಿಂತ ಮೊದಲು.

ಸಂದೇಶಕ್ಕಿಂತ ಮೊದಲು ಮನುಷ್ಯರು ತಲುಪಿದ ಒಂದು ಉದಾಹರಣೆ ನಮ್ಮ ಗಡಿಯಲ್ಲೇ ಇದೆ. ರಾಯಚೂರಿಗೆ ಹೊಂದಿಕೊಂಡ ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆ. ಅದೇ 2018ರಲ್ಲಿ ಅಲ್ಲಿ ಎಸ್‌ಪಿ ಆಗಿದ್ದವರು ರೇಮಾ ರಾಜೇಶ್ವರಿ. ಮಕ್ಕಳ ಕಳ್ಳರ ವಿಡಿಯೊ ಅಲ್ಲೂ ಬಂತು. ಜನ ಸಂಜೆಗೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ರಾಜೇಶ್ವರಿ ಒಬ್ಬೊಬ್ಬ ಪೊಲೀಸರಿಗೆ ಇಂತಿಷ್ಟು ಹಳ್ಳಿ ಅಂತ ಒಪ್ಪಿಸಿ, ಸುಮಾರು 400 ಹಳ್ಳಿಗಳಿಗೆ ಕಳಿಸಿದರು. ಡಂಗುರ ಹೊಡೆಸಿದರು. ಜನಪದ ಹಾಡುಗಾರರಿಂದ ಹಾಡು ಕಟ್ಟಿಸಿದರು. ಅನುಮಾನ ಬಂದರೆ ನಿಮ್ಮ ಹಳ್ಳಿಯ ಪೊಲೀಸರಿಗೆ ಫೋನ್ ಮಾಡಿ ಅಂದರು. ಹಳ್ಳಿಯವರಿಗೆ ಆ ಪೊಲೀಸಪ್ಪನ ಮುಖ ಗೊತ್ತಿತ್ತು. ಅಲ್ಲಿ ಯಾರೂ ಸಾಯಲಿಲ್ಲ.

ಡಂಗುರ ಒಂದೇ ಸಾಕು ಅಂತಲೂ ಹೇಳುವಂತಿಲ್ಲ. ಅದೇ ಜೂನ್‌ನಲ್ಲಿ ತ್ರಿಪುರಾದಲ್ಲಿ ಸರ್ಕಾರ ವದಂತಿ ನಂಬಬೇಡಿ ಅಂತ ಮೈಕಿನಲ್ಲಿ ಕೂಗಲು ದಿನಗೂಲಿಗೆ ಒಬ್ಬನನ್ನು ಕಳಿಸಿತ್ತು. ಅವನನ್ನೇ ಮಕ್ಕಳ ಕಳ್ಳ ಅಂದುಕೊಂಡು ಗುಂಪು ಹೊಡೆದು ಕೊಂದಿತು. ಎರಡೂ ಕಡೆ ಹೇಳಿದ ಮಾತು ಒಂದೇ. ಆದರೆ ತ್ರಿಪುರಾದ ಆ ಊರಿಗೆ ಮೈಕ್ ಹಿಡಿದವನು ಹೊರಗಿನವನು.

ಇದೆಲ್ಲ ಓದಿದ ಮೇಲೆ ನಮ್ಮ ಮನೆತನದ ಗ್ರೂಪಿನಲ್ಲಿ ನಾನು ಮಾಡುತ್ತಿದ್ದ ತಪ್ಪು ಅರ್ಥವಾಯಿತು. ಚಿಕ್ಕಪ್ಪ ಏನಾದರೂ ಕಳಿಸಿದ ಕೂಡಲೇ ಅರವತ್ತು ಜನರ ಎದುರು 'ಇದು ಸುಳ್ಳು' ಅಂತ ಲಿಂಕ್ ಎಸೆಯುತ್ತಿದ್ದೆ. ಅವರು ಎರಡು ದಿನ ಗುಡ್ ಮಾರ್ನಿಂಗ್ ಕೂಡ ಹಾಕುತ್ತಿರಲಿಲ್ಲ. ಮೂರನೇ ದಿನ ಅದಕ್ಕಿಂತ ಖಾರದ್ದು ಬರುತ್ತಿತ್ತು. ಈಗ ಫೋನ್ ಮಾಡುತ್ತೇನೆ. ಮೊದಲು ಮಂಡಿ ನೋವು ವಿಚಾರಿಸುತ್ತೇನೆ. ಆಮೇಲೆ 'ಚಿಕ್ಕಪ್ಪ, ನಿನ್ನೆಯ ಆ ಫೋಟೊ ಯಾವುದೋ ಬೇರೆ ದೇಶದ್ದಂತಲ್ಲ' ಅನ್ನುತ್ತೇನೆ. ಒಮ್ಮೊಮ್ಮೆ ಅವರೇ ಅಳಿಸುತ್ತಾರೆ. ಒಮ್ಮೊಮ್ಮೆ 'ಅದು ಸುಳ್ಳಿರಬಹುದಪ್ಪ, ಆದ್ರೆ ಅವ್ರು ಹಂಗೇ ತಾನೆ' ಅನ್ನುತ್ತಾರೆ. ಅಲ್ಲಿಗೆ ಫೋಟೊದ ಮಾತು ಮುಗಿಯುತ್ತದೆ. ಮೊನ್ನೆ ಮಾತ್ರ, 'ಹಂಗೇ ಅಂದ್ರೆ ಯಾರ ಥರ ಚಿಕ್ಕಪ್ಪ, ನಿಮ್ಮ ಸ್ಕೂಟರ್ ರಿಪೇರಿ ಮಾಡ್ತಾರಲ್ಲ, ಅವರ ಥರವಾ' ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಅವ್ರು ಒಳ್ಳೇವ್ರು ಬಿಡು' ಅಂದು, ಮಂಡಿಗೆ ಹೊಸ ಎಣ್ಣೆ ತಂದದ್ದನ್ನು ಹೇಳತೊಡಗಿದರು.